ಸುಖಾಗಮನ ಬಯಸುವ ನಮ್ಮ ಮಾವ

ನಮ್ಮ ಸೋದರಮಾವನಿಗೆ ಮದುವೆ ಊಟಕ್ಕಿಂತ ಮದುವೆ ಕಾರ್ಡೇ ರುಚಿ. ನಗಬೇಡಿ! ನೀವೂ ನಾನೂ ಕಾರ್ಡು ಬಂದರೆ ಏನು ಮಾಡುತ್ತೇವೆ? ಮುಹೂರ್ತ ಯಾವಾಗ, ಛತ್ರ ಎಲ್ಲಿ ಎಂದು ನೋಡಿ ಟೀವಿ ಪಕ್ಕಕ್ಕೆ ಎಸೆಯುತ್ತೇವೆ. ಮಾವ ಹಾಗಲ್ಲ. ಕನ್ನಡಕ ಒರೆಸಿಕೊಂಡು, ಜಗಲಿಯ ಬೆಳಕಿಗೆ ಕೂತು, ಮೇಲಿನ ದೇವರ ಹೆಸರಿನಿಂದ ಹಿಡಿದು ಅಡಿಯ ಪ್ರೆಸ್ಸಿನ ಹೆಸರಿನವರೆಗೆ ಓದುತ್ತಾನೆ. ಓದಿ ಮುಗಿಸಿ ತೀರ್ಪು ಕೊಡುತ್ತಾನೆ.

"ಈ ಮದ್ವೆಲಿ ಊಟ ಸರಿಯಾಗಿರಲ್ಲ ಕಣಮ್ಮ."

"ಹೆಂಗೆ ಗೊತ್ತು ಮಾವ?"

"ಇಲ್ನೋಡು, ತಮ್ಮ 'ಸುಖಗಮನ'ವನ್ನು ಬಯಸುವ ಅಂತ ಹಾಕ್ಸವ್ರೆ. ದೀರ್ಘ ನುಂಗಾಕವ್ರೆ. ಸುಖಾಗಮನ ಅಂದ್ರೆ ಸುಖವಾಗಿ ಬನ್ನಿ ಅಂತ. ಸುಖಗಮನ ಅಂದ್ರೆ ಸುಖವಾಗಿ ಹೋಗಿ ಅಂತ! ಬರೋಕ್ ಮುಂಚೇನೇ ಹೋಗಿ ಅನ್ನೋರು ಉಣ್ಣಕ್ಕಿಕ್ತಾರಾ?"

ಆ ಮದುವೆಗೆ ಹೋದೆವು. ನಮ್ಮ ಪಂಕ್ತಿ ಕೂರುವಷ್ಟರಲ್ಲಿ ಪಾಯಸ ಖಾಲಿ! ಮಾವ ಎಲೆಯ ಮುಂದೆ ಕೂತು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಪಾಯಸ ಸಿಕ್ಕಿದ್ದರೂ ಅಷ್ಟು ಖುಷಿ ಅವನಿಗೆ ಆಗುತ್ತಿರಲಿಲ್ಲ.

ಮಾವ ಇರುವುದು ಮಧುಗಿರಿಯಲ್ಲಿ. ನಾನು ಕೊರಟಗೆರೆಯಲ್ಲಿ ಪಾತ್ರೆ ಅಂಗಡಿ ಇಟ್ಟವಳು. ತಲೆ ಮೇಲೆ ಬುಟ್ಟಿ ಹೊತ್ತು, ಹಳೇ ಸೀರೆಗೆ ಸ್ಟೀಲ್ ಡಬ್ಬಿ ಕೊಡುತ್ತಾ ಬೀದಿ ಸುತ್ತಿ ಮೇಲೆ ಬಂದವಳು; ಚೌಕಾಸಿಯನ್ನು ನನಗೆ ಯಾರೂ ಕಲಿಸಬೇಕಿಲ್ಲ. ನೆಂಟರಲ್ಲಿ ಯಾರದೇ ಮದುವೆ ಗೊತ್ತಾಗಲಿ, ನಮ್ಮಿಬ್ಬರನ್ನೂ ಶಿರಾದ ಕಾರ್ಡ್ ಅಂಗಡಿಗೆ ಕರೆದುಕೊಂಡು ಹೋಗುವುದು ವಾಡಿಕೆ. ರೇಟಿನ ಜಗಳ ನನ್ನದು, ಅಕ್ಷರದ ಜಗಳ ಮಾವನದು. ನಿಮಗೂ ಒಂದು ಬುದ್ಧಿಮಾತು ಹೇಳಿಬಿಡುತ್ತೇನೆ, ಬರೆದಿಟ್ಟುಕೊಳ್ಳಿ: ಕಾರ್ಡ್ ಅಂಗಡಿಗೆ ಹೊಟ್ಟೆ ತುಂಬಾ ಉಂಡು ಹೋಗಿ. ಹಸಿದವರು ಮೊದಲು ತೋರಿಸಿದ ಕಾರ್ಡನ್ನೇ ಒಪ್ಪಿಕೊಂಡು ಹೋಟೆಲಿಗೆ ಓಡುತ್ತಾರೆ. ಅಂಗಡಿಯವರಿಗೆ ಅದೇ ಬೇಕು!

ಶಿರಾದ ಆ ಅಂಗಡಿಯ ಸಾಬ್ರು ಮಾವನನ್ನು ಕಂಡರೆ ಸಲಾಂ ಹೊಡೆಯುತ್ತಿದ್ದರು, ಆಮೇಲೆ ಒಳ್ಳೊಳ್ಳೆಯ ಸ್ಯಾಂಪಲ್ಲುಗಳನ್ನು ಬಚ್ಚಿಡುತ್ತಿದ್ದರು. ಕಾರಣವಿತ್ತು. ಮಾವ ಮೊದಲು ಕಾರ್ಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ನಮ್ಮ ಕಡೆ ಬೇಸಿಗೆಯ ಛತ್ರದಲ್ಲಿ ಕರೆಂಟು ಹೋದರೆ ನೆಂಟರ ಕೈಗೆ ಬೀಸಣಿಗೆಯಾಗದ ಕಾರ್ಡು ಎಂಥ ಕಾರ್ಡು? ಅದರಲ್ಲಿ ಪಾಸಾದರೆ ಅರಿಶಿನದ ಪರೀಕ್ಷೆ. ಹಂಚುವ ಮುಂಚೆ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತೇವಲ್ಲ, ಈಗಿನ ಥಳಥಳ ಹೊಳೆಯುವ ಕಾಗದಕ್ಕೆ ಅದು ಹಿಡಿಯುವುದೇ ಇಲ್ಲ, ಜಾರಿಬಿಡುತ್ತದೆ. ಅದಕ್ಕೇ ಮಾವ ಜೇಬಿನಲ್ಲಿ ಪುಟ್ಟ ಡಬ್ಬಿ ತುಂಬಾ ಕಲಸಿದ ಅರಿಶಿನ ಇಟ್ಟುಕೊಂಡೇ ಬರುತ್ತಿದ್ದ.

"ಅರೇ ಯಜಮಾನ್ರೇ! ನನ್ ಸ್ಯಾಂಪಲ್ ಪೂರಾ ಹಳದಿ ಮಾಡ್ಬಿಟ್ರಲ್ಲ. ಇದನ್ನ ಇನ್ಯಾರಿಗೆ ತೋರಿಸ್ಲಿ ನಾನು?"

"ಮದ್ವೆ ಕಾರ್ಡ್ ತಾನೇ ಸಾಬ್ರೇ ನೀವು ಮಾರೋದು? ಅರಿಶಿನ ಬಿಟ್ಟಿ ಹಚ್ಕೊಟ್ಟಿವ್ನಿ. ಒಂದು ಥ್ಯಾಂಕ್ಸ್ ಆದ್ರೂ ಹೇಳಿ!"

ಒಮ್ಮೆ ಪ್ರೂಫಿನಲ್ಲಿ 'ಶುಭ ವಿವಾಹ' ಹೋಗಿ 'ಶುಭ ವಿವಾದ' ಆಗಿತ್ತು. ಸಾಬ್ರು ಕಂಪ್ಯೂಟರಿನ ಮೇಲೆ ತಪ್ಪು ಹೊರಿಸಿದರು. ಮಾವ ನಿಧಾನವಾಗಿ ಹೇಳಿದ: "ತಪ್ಪೇನಿಲ್ಲ ಸಾಬ್ರೇ, ಆದ್ರೆ ಇದು ಮದ್ವೆ ಆದ್ ಮ್ಯಾಲಿನ ವಿಷ್ಯ. ಸದ್ಯಕ್ಕೆ ಮುಂಚಿನದು ಹಾಕ್ಕೊಡಿ."

ಇನ್ನೊಮ್ಮೆ ಪಾವಗಡದ ಬೀಗರು ಜೊತೆಗೆ ಬಂದಿದ್ದರು. ಅವರ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ತೀರಿಕೊಂಡ ತಮ್ಮ ತಂದೆಯ ಹೆಸರಿನ ಹಿಂದೆ 'ಲೇಟ್' ಎಂದು ಹಾಕಿಸಿ ಎಂದರು. ಮಾವ ಕನ್ನಡಕ ಇಳಿಸಿದ.

"ಲೇಟ್ ಅಂದ್ರೆ ತಡ ಅಂತ. ನಿಮ್ಮ ತಂದೆಯೋರೇನು ಬಸ್ಸು ತಪ್ಪಿಸ್ಕೊಂಡವ್ರಾ? ಇವತ್ತಲ್ಲ ನಾಳೆ ಬರ್ತಾರಾ? ದಿವಂಗತ ಅಂತ ಹಾಕ್ಸಿ ಸ್ವಾಮಿ, ಗೌರವವಾಗಿರ್ತದೆ."

"ಅಯ್ಯೋ, ದಿವಂಗತ ಅಂಟೇ ಭಯಮೇಸ್ತಾದಿ ಮಾವಾ!" ಎಂದರು ಬೀಗರು. ಹೆಸರಿಗೇ ಹೆದರಿದರೆ ಹೇಗೆ? ಕೊನೆಗೆ ದಿವಂಗತವೇ ಅಚ್ಚಾಯಿತು. ಅಲ್ಲಿಂದ ಮುಂದೆ ನಮ್ಮ ನೆಂಟರ ಯಾವ ಕಾರ್ಡಿನಲ್ಲೂ ಮಾವ 'ಲೇಟ್' ಎಂಬ ಪದವನ್ನು ಹತ್ತಿರ ಸೇರಿಸಲಿಲ್ಲ.

ನಿಜಕ್ಕೂ ಲೇಟಾಗಿದ್ದವಳು ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ. ಹುಲಿಕುಂಟೆಯ ಹೆಣ್ಣು. ಹೆಣ್ಣಿನವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ತನ್ನ ಮದುವೆಗೇ ತಡವಾಗಿ ಬಂದವಳು. ಮಾವ ಬಾಸಿಂಗ ಕಟ್ಟಿಕೊಂಡು ಒಬ್ಬನೇ ಮಂಟಪದಲ್ಲಿ ಕೂತಿದ್ದನಂತೆ! ಆಮೇಲೂ ಅದೇ ಕತೆ. ಯಾವ ಮದುವೆಗೆ ಹೊರಟರೂ ಮಾವ ಇಸ್ತ್ರಿ ಪಂಚೆ ಉಟ್ಟು ಬೀದಿ ಬಾಗಿಲಲ್ಲಿ, ಅತ್ತೆ ಕನ್ನಡಿಯ ಮುಂದೆ.

"ಬಂದೆ ಇರಿ, ಮದ್ವೆ ಎಲ್ಲಿಗೂ ಓಡೋಗಲ್ಲ."

"ಮದ್ವೆ ಓಡೋಗಲ್ಲ ಕಣೇ, ಬಸ್ಸು ಓಡೋಯ್ತದೆ!"

ಕಡೆಗೆ ಮಾವ ಮುಂದೆ ಹೋಗುವುದು, ಅತ್ತೆ ಇನ್ನೊಂದು ಬಸ್ಸಿಗೆ ಬರುವುದು ಎಂದಾಯಿತು. ಛತ್ರದಲ್ಲಿ ಮಾವ ತನ್ನ ಪಕ್ಕದ ಕುರ್ಚಿಗೆ ಟವೆಲು ಹಾಕಿ ಕಾಯುತ್ತಿದ್ದ. ಯಾರು ಕೂರಲು ಬಂದರೂ "ಜನ ಅವ್ರೆ, ಬರ್ತಾರೆ" ಎಂದು ಗದರುತ್ತಿದ್ದ. ತಾಳಿ ಕಟ್ಟಿ, ಅಕ್ಷತೆ ಬಿದ್ದು, ಜನ ಊಟಕ್ಕೆ ಏಳುವ ಹೊತ್ತಿಗೆ ಅತ್ತೆ ಮಲ್ಲಿಗೆಯ ಘಮದೊಂದಿಗೆ ನಗುತ್ತಾ ಬರುತ್ತಿದ್ದಳು. "ಸರಿಯಾದ ಟೈಮಿಗೆ ಬಂದೆ ನೋಡಿ" ಎನ್ನುತ್ತಿದ್ದಳು. ಅದೂ ನಿಜವೇ, ಊಟದ ಟೈಮು!

ಹೋದ ವರ್ಷ ಅತ್ತೆ ಹೋಗಿಬಿಟ್ಟಳು. ಅದೊಂದಕ್ಕೆ ಮಾತ್ರ ಸ್ವಲ್ಪವೂ ತಡಮಾಡಲಿಲ್ಲ.

ಅಲ್ಲಿಂದ ಮಾವ ಕಾರ್ಡು ಓದುವುದನ್ನು ಬಿಟ್ಟ. ಬಂದ ಕಾರ್ಡುಗಳು ಬಂದ ಹಾಗೇ ಗೂಡಿನಲ್ಲಿ ಬಿದ್ದಿರುತ್ತಿದ್ದವು. ಯಾವ ಮದುವೆಗೂ ಹೋಗಲಿಲ್ಲ. ಹೀಗಿರುವಾಗ ನನ್ನ ಮಗಳ ಮದುವೆ ಗೊತ್ತಾಯಿತು. "ಕಾರ್ಡ್ ಯಾಕಮ್ಮ, ವಾಟ್ಸಾಪ್‌ಗೆ ವಿಡಿಯೋ ಮಾಡ್ಸಣ, ಹಾಡೂ ಬರುತ್ತೆ" ಎಂದಳು ಮಗಳು. ಖರ್ಚಿನ ಲೆಕ್ಕದಲ್ಲಿ ಅವಳ ಮಾತೇ ಸರಿ, ನಾನೂ ವ್ಯಾಪಾರದವಳೇ. ಆದರೆ ಫೋನಿನ ಯಾವ ಮೂಲೆಗೆ ಅರಿಶಿನ ಹಚ್ಚಲಿ? ಅದಿರಲಿ, ಅಸಲು ವಿಷಯ ಬೇರೆ. ನಮ್ಮ ಮನೆಯ ಮದುವೆಗೆ ಮಾವ ಬಂದು ಕೂರದಿದ್ದರೆ ನನಗೆ ಅದು ಮದುವೆ ಎನಿಸುತ್ತಿರಲಿಲ್ಲ. ಕಾರ್ಡಿಗಾದರೂ ಕದಲುತ್ತಾನೇನೋ ಎಂದು ಕರೆಯಲು ಹೋದೆ.

"ಏನೋ ಒಂದು ಮಾಡ್ಸು ಹೋಗಮ್ಮ. ನನ್ನ ಬುಟ್ಬುಡು" ಎಂದು ಗೋಡೆಯ ಕಡೆ ತಿರುಗಿದ.

ಬಿಡುವವಳೇ ನಾನು? ಬೇಡ ಎಂದವರ ಕೈಗೇ ಕುಕ್ಕರ್ ಕೊಟ್ಟು ಕಳಿಸುವವಳು! ಶಿರಾಕ್ಕೆ ಹೋಗಿ ಸಾಬ್ರ ಕಿವಿಯಲ್ಲಿ ಒಂದು ಮಾತು ಹೇಳಿ, ಒಂದು ಪ್ರೂಫು ತೆಗೆಸಿದೆ. ಮರುದಿನ ಮಧುಗಿರಿಗೆ ಹೋಗಿ ಅದನ್ನು ಮಾವನ ಕಾಫಿ ಲೋಟದ ಕೆಳಗಿಟ್ಟು, ಏನೂ ಗೊತ್ತಿಲ್ಲದವಳ ಹಾಗೆ ಅಡುಗೆಮನೆಗೆ ಹೋದೆ. ಪಾತ್ರೆ ಜೋಡಿಸುವ ನೆಪದಲ್ಲಿ ಕಿವಿಯನ್ನು ಆ ಕಡೆಗೇ ಇಟ್ಟಿದ್ದೆ. ಆಮೇಲೆ ಲೋಟ ಕುಕ್ಕಿದ ಸದ್ದು.

"ಲೇ, ಬಾರಮ್ಮ ಇಲ್ಲಿ! ಸಾಬ್ರಿಗೆ ಕಣ್ಣು ಹೋಯ್ತಾ? ಮತ್ತೆ 'ಶುಭ ವಿವಾದ' ಅಂತ ಹಾಕವ್ರಲ್ಲ! ನಮ್ಮ ಮಗೀನ ಮದ್ವೆಗೆ? ನಡಿ, ಬಸ್ಸಿಗೆ ಟೈಮಾಯ್ತು!"

ಜೇಬು ತಡವಿಕೊಂಡ. ಅರಿಶಿನದ ಡಬ್ಬಿ ಹುಡುಕಿದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಅಂಗಡಿಯಲ್ಲಿ ಮಾವ ಮತ್ತೆ ಮಾವನಾದ. ಬೀಸಿದ, ಹಚ್ಚಿದ, ಬೈದ. ಸಾಬ್ರು ಈ ಸಲ ಯಾವ ಸ್ಯಾಂಪಲ್ಲನ್ನೂ ಬಚ್ಚಿಡಲಿಲ್ಲ. ಪ್ರೂಫಿನ ಕೊನೆಯಲ್ಲಿ, ಸುಖಾಗಮನ ಬಯಸುವ ಹಿರಿಯರ ಸಾಲಿಗೆ ಬಂದಾಗ ಮಾವನ ಬೆರಳು ನಿಂತಿತು. ಅವನ ಹೆಸರಿನ ಜೊತೆಗೆ ಅತ್ತೆಯ ಹೆಸರನ್ನೂ ಹಾಕಿಸಿದ್ದೆ. ಅವನು ಕಲಿಸಿದಂತೆಯೇ, ಗೌರವವಾಗಿ, ಹಿಂದೆ 'ದಿವಂಗತ' ಎಂದು ಸೇರಿಸಿ.

ಮಾವ ಸಾಬ್ರ ಜೇಬಿನ ಪೆನ್ನು ಎಳೆದುಕೊಂಡ. 'ದಿವಂಗತ'ವನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ 'ಲೇಟ್' ಎಂದು ಬರೆದ.

"ಯಜಮಾನ್ರೇ, ನೀವೇ ಬ್ಯಾಡ ಅಂತಿದ್ರಲ್ಲ ಈ ಲೇಟು?" ಎಂದರು ಸಾಬ್ರು.

"ಅವ್ಳಿಗೆ ಇದೇ ಸರಿ ಸಾಬ್ರೇ. ಇಂಗೇ ಇರ್ಲಿ" ಎಂದ. ಆ ದಿನ ನಾನು ರೇಟಿಗೆ ಜಗಳವಾಡಲಿಲ್ಲ.

ಮದುವೆಯ ದಿನ ಎಲ್ಲರಿಗಿಂತ ಮೊದಲು ಛತ್ರಕ್ಕೆ ಬಂದವನು ಮಾವ. ಇಸ್ತ್ರಿ ಪಂಚೆ, ಮುಂದಿನ ಸಾಲು, ಕೈಯಲ್ಲಿ ಬೀಸಿಕೊಳ್ಳಲು ನಮ್ಮದೇ ಕಾರ್ಡು. ತಾಳಿ ಕಟ್ಟಿದ್ದಾಯಿತು, ಅಕ್ಷತೆಯೂ ಬಿತ್ತು. ಜನ ತುಂಬಿ, ನಿಲ್ಲಲೂ ಜಾಗವಿರಲಿಲ್ಲ. ಪಾವಗಡದ ಬೀಗರು ಮಾವನ ಪಕ್ಕದ ಕುರ್ಚಿಯ ಮೇಲಿದ್ದ ಟವೆಲು ಎತ್ತಲು ಕೈ ಹಾಕಿದರು.

ಮಾವ ಬಾಗಿಲ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಜನ ಅವ್ರೆ, ಬರ್ತಾರೆ" ಎಂದ. "ಒಸಿ ಲೇಟು."