ಗೋಮಾಳದಲ್ಲಿ ಸಿಕ್ಕ ಅಜ್ಜಂದಿರು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಲ್ಲಿ ಯಾರಿಗಾದರೂ ಅಜ್ಜನ ಕೊರತೆ ಇದ್ದರೆ ನಮ್ಮ ಸೋದರಮಾವನನ್ನು ಕಾಣಬಹುದು. ಮುತ್ತಜ್ಜನೂ ಸಿಗುತ್ತಾನೆ, ಒಂದೆರಡು ದಿನ ತಡವಾಗುತ್ತದೆ, ಅಷ್ಟೆ. ರುಮಾಲಿನವನು ಬೇಕೋ ಬರಿದಲೆಯವನು ಬೇಕೋ, ಮೀಸೆ ಮೇಲಕ್ಕೋ ಕೆಳಕ್ಕೋ ಎಂಬುದನ್ನು ಮೊದಲೇ ತಿಳಿಸಿದರೆ ಅನುಕೂಲ. ಕೈಯಲ್ಲಿ ಬೆತ್ತ ಹಿಡಿದ ಅಜ್ಜಂದಿರಿಗೆ ಬೇಡಿಕೆ ಜಾಸ್ತಿ.

ಇದನ್ನೋದಿ ನಮ್ಮ ಮಾಮಾ ಯಾವುದೋ ಅಡ್ಡದಾರಿಯ ವ್ಯವಹಾರದಲ್ಲಿದ್ದಾನೆಂದು ತಿಳಿಯಬಾರದು. ಯಾರಿಂದಲೂ ಬಿಡಿಗಾಸು ಮುಟ್ಟಿದವನಲ್ಲ. ಸರ್ವೇ ಇಲಾಖೆಯಲ್ಲಿ ಜೀವಮಾನವಿಡೀ ಮಂದಿಯ ಹೊಲ ಅಳೆದು, ನಿವೃತ್ತನಾಗಿ ಹಿರೇಕೆರೂರಿನಲ್ಲಿ ನೆಲೆ ನಿಂತ ಗೃಹಸ್ಥ. ನಿವೃತ್ತಿಯ ಹೊಸದರಲ್ಲಿ ಕೈ ಸುಮ್ಮನಿರದೆ ತನ್ನ ಹಿತ್ತಿಲು ಅಳೆದ. ಆಮೇಲೆ ಪಕ್ಕದ ಮನೆಯವರ ಹಿತ್ತಿಲನ್ನೂ ಅಳೆದು, ಅವರ ಬಚ್ಚಲು ಒಂದು ಗೇಣು ನಮ್ಮ ಕಡೆ ಬಂದಿದೆಯೆಂದು ಸಾರಿದ. ಓಣಿಯ ಶಾಂತಿಗೆ ಭಂಗ ಬರುವ ಲಕ್ಷಣ ಕಂಡ ಅವನ ಮಗಳು ಒಂದು ಟ್ಯಾಬ್ ತಂದು ಕೈಗಿತ್ತಳು. ಓಣಿ ಉಳಿಯಿತು. ನಾಲ್ಕು ತಾಲೂಕು ಸಿಕ್ಕಿಬಿತ್ತು!

ಪರದೇಶದ ದೊಡ್ಡ ದೊಡ್ಡ ಗ್ರಂಥಾಲಯಗಳು, ವಸ್ತುಸಂಗ್ರಹಾಲಯಗಳು ತಮ್ಮಲ್ಲಿರುವ ಹಳೆಯ ಫೋಟೋಗಳನ್ನು ಅಂತರ್ಜಾಲದಲ್ಲಿ ಹರವಿ ಇಟ್ಟಿರುತ್ತವಷ್ಟೆ. ತೆಗೆದವರ ಹಕ್ಕಿನ ಅವಧಿ ಮುಗಿದುಹೋದ ಫೋಟೋಗಳವು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ಕೇಳುವವರಿಲ್ಲ. ಇದನ್ನು ನಾನು ಮಾಮಾನಿಗೆ ಬಹಳ ಹೊತ್ತು ವಿವರಿಸಿದೆ. ಅವನು ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು, "ಅಂದ್ರ ಗೋಮಾಳ ಅನ್ನು. ಯಾರ ದನಾನೂ ಮೇಯಬಹುದು, ಯಾರೂ ಬೇಲಿ ಹಾಕೂ ಹಂಗಿಲ್ಲ" ಎಂದ.

ಕಾನೂನು ಪಂಡಿತರು ಪುಟಗಟ್ಟಲೆ ಬರೆಯುವುದನ್ನು ಹೀಗೆ ಒಂದೇ ಮಾತಿನಲ್ಲಿ ಮುಗಿಸಿದವನು ಆವತ್ತೇ ಆ ಗೋಮಾಳಕ್ಕೆ ಇಳಿದ. ಇನ್ನೂ ಹೊರಗೆ ಬಂದಿಲ್ಲ.

ಅಲ್ಲಿ ಅವನಿಗೆ ಮೊದಲು ಕಂಡದ್ದು ಅನ್ಯಾಯ. ಗೌರವಸ್ಥ ಮುಖಗಳು, ದೊಡ್ಡ ದೊಡ್ಡ ರುಮಾಲುಗಳು, ಕೆಳಗೆ ಬರೆದದ್ದು ಮಾತ್ರ 'ಹೆಸರು ತಿಳಿಯದ ರೈತ', 'ಬಾವಿಯ ಬಳಿ ಒಬ್ಬ ಹೆಂಗಸು, ದಕ್ಷಿಣ ಭಾರತ'.

"ಫೋಟೋದಾಂವ ಇವರ ಮನ್ಯಾಗ ಮಜ್ಜಿಗಿ ಕುಡದು, ಫೋಟೋ ತಕ್ಕೊಂಡು ಹೋಗ್ಯಾನ. ಹೆಸರು ಕೇಳಾಕ ಏನಾಗಿತ್ತಂತ ಧಾಡಿ? ಸರ್ವೇ ನಂಬರ ಇಲ್ಲದ ಹೊಲಾ ಎಲ್ಲ್ಯರ ಕೇಳಿಯೇನು?"

ಸರ್ವೇ ನಂಬರ್ ಕೊಡುವ ಕೆಲಸವನ್ನು ತಾನೇ ಕೈಗೆತ್ತಿಕೊಂಡ. ಪರದೆಯ ಮೇಲೆ ಅಡಿಪಟ್ಟಿ ಇಟ್ಟು ಮೂಗು, ಹಣೆ, ಕಿವಿ ಅಳೆಯುವುದು. ಆಮೇಲೆ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಅದಕ್ಕೆ ಹೊಂದುವ ಮುಖ ಹುಡುಕುವುದು. ಹೊಲದ ಗಡಿ ಗುರುತಿಸುವ ಸರ್ವೇ ಮಾತಿನಲ್ಲಿ ಇದಕ್ಕೆ ಅವನಿಟ್ಟ ಹೆಸರು 'ಮುಖದ ಹದ್ದುಬಸ್ತು'. ಒಮ್ಮೆ ಹಾನಗಲ್ಲಿನ ಬಸ್ಸಿನಲ್ಲಿ ಕಂಡಕ್ಟರನನ್ನು ಚಿಕ್ಕೇರೂರಿನಿಂದ ತಿಳವಳ್ಳಿಯವರೆಗೆ ರೆಪ್ಪೆ ಬಡಿಯದೆ ನೋಡಿದ್ದಾನೆ. ಆ ಪುಣ್ಯಾತ್ಮ ಬೆವರಿ, "ಯಜಮಾನ್ರ, ಚಿಲ್ಲರಿ ಕೊಟ್ಟೇನಲ್ರಿ" ಎಂದ.

"ಚಿಲ್ಲರಿ ಇರ್ಲಿ ಬಿಡಪಾ. ನಿಮ್ಮ ಮುತ್ತಜ್ಜ ಸಿಕ್ಕಾನ. ನಿನ್ನಂಗ ಎಡಗಿವಿ ಸ್ವಲ್ಪ ಹೊರಗ ಬಂದೈತಿ."

"ಎಲ್ಲಿ ಸಿಕ್ಕಾನ್ರಿ?"

"ಲಂಡನ್ನಿನ್ಯಾಗ."

ಕಂಡಕ್ಟರ್ ಸೀಟಿ ಊದಿದ. ಅಲ್ಲಿ ಸ್ಟಾಪಿರಲಿಲ್ಲ.

ಅಚ್ಚು ಹಾಕಿಸಿದ ಫೋಟೋಗಳಿಗೆ ಕಟ್ಟು ಹಾಕಿಸುವುದು ಶಿಗ್ಗಾಂವಿಯಲ್ಲಿ. ಆ ಅಂಗಡಿಯವನು ಮೊದಲ ಸಲ ವ್ಯಾಪಾರದ ಮರ್ಯಾದೆಯಂತೆ ದನಿ ತಗ್ಗಿಸಿ, "ಹಿರಿಯಾರು ತೀರಿಕೊಂಡು ಭಾಳ ದಿನಾ ಆತೇನ್ರಿ?" ಎಂದು ಕೇಳಿದ್ದ.

"ಗೊತ್ತಿಲ್ರಿ."

"ನಿಮಗ ಏನಾಗಬೇಕ್ರಿ?"

"ನನಗೇನೂ ಆಗಬೇಕಾಗಿಲ್ಲ. ಯಾರಿಗೆ ಆಗಬೇಕು ಅನ್ನೂದನ್ನ ಇನ್ನ ಹುಡಕಬೇಕು."

ಅಂದಿನಿಂದ ಅಂಗಡಿಯವನು ಏನೂ ಕೇಳುವುದಿಲ್ಲ.

ಮನುಷ್ಯರಿಗಷ್ಟೇ ನಿಂತರೆ ಅವನು ನಮ್ಮ ಮಾಮಾ ಹೇಗಾದಾನು? ಯಾವುದೋ ಸಂಗ್ರಹದಲ್ಲಿ ಆನೆಯ ಹೊಟ್ಟೆಯಂಥ ಬೊಡ್ಡೆಯ ಮರವೊಂದರ ಚಿತ್ರ, ಕೆಳಗೆ 'ಆಫ್ರಿಕಾ' ಎಂದು ಬರಹ. ಮಾಮಾ ಅಳತೆಯ ಟೇಪು ಹಿಡಿದು ಸವಣೂರಿಗೆ ಹೋಗಿ, ಅಲ್ಲಿನ ದೊಡ್ಡಹುಣಸೆ ಮರದ ಸುತ್ತಳತೆ ತೆಗೆದು, ಇದು ಅದೇ ಎಂದು ತೀರ್ಪು ಕೊಟ್ಟ. ಅಲ್ಲೇ ವೀಳ್ಯದೆಲೆ ಮಾರುತ್ತಿದ್ದ ಸಾಹೇಬರೊಬ್ಬರು, "ಈ ಮರಾನ ಆಫ್ರಿಕಾದಿಂದ ಬಂದದ್ದು ಅಂತಾರಲ್ರಿ ಸಾಹೇಬ್ರ" ಎಂದು ಮೆಲ್ಲಗೆ ತಿದ್ದಲು ನೋಡಿದರು.

"ಬಂದಿದ್ದೀತು. ಬಂದು ಎಷ್ಟು ತಲಿಮಾರಾತು? ಅನುಭೋಗದ ಹಕ್ಕು ನಮ್ಮದಾತು."

ಅವನ ಹೇಳಿಕೆಯಂತೆ ನಾನೇ ಇಂಗ್ಲಿಷಿನಲ್ಲಿ ಆ ಗ್ರಂಥಾಲಯಕ್ಕೆ ಆಕ್ಷೇಪಣೆ ಕಳಿಸಿದೆ. 'ನಿಮ್ಮ ಮನವಿ ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಮಾಮಾನಿಗೆ ಪರಮಾನಂದ. "ನಮ್ಮ ಇಲಾಖೆಯವರು ಅಲ್ಲೂ ಅದಾರ ಅನ್ನು."

ಇಷ್ಟೆಲ್ಲದರ ನಡುವೆ, ಹಿರೇಕೆರೂರಿನ ಸಂತೆಯ ಮರುದಿನ ತಪ್ಪದೆ ಬಸ್ಸು ಹತ್ತಿ ಹಾನಗಲ್ಲಿಗೆ ನಮ್ಮ ಮನೆಗೆ ಬರುತ್ತಾನೆ. ನಮ್ಮ ತಾಯಿ ಅವನ ಒಬ್ಬಳೇ ಅಕ್ಕ. ಚಹಾ ಬರುವ ಮೊದಲೇ ಟ್ಯಾಬ್ ಆಕೆಯ ಮುಂದೆ ಹಿಡಿದು ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಈಕಿ ಅವ್ವ ಏನ ನೋಡು."

ಅದರ ಹಿಂದಿನ ಸಂಗತಿ ಇಷ್ಟು. ನಮ್ಮಜ್ಜಿಯ ಫೋಟೋ ಇಲ್ಲ. ಒಂದೇ ಒಂದು ಸಲ ಫೋಟೋ ತೆಗೆಯುವವನು ಮನೆಗೆ ಬಂದಿದ್ದನಂತೆ. ಎಲ್ಲರೂ ಸಾಲಾಗಿ ಕೂತರು. ಅಜ್ಜಿ, "ಎಮ್ಮಿ ಹಿಂಡಿ ಬಂದ್ಬಿಡ್ತೇನಿ, ತಡೀರಿ" ಎಂದು ಕೊಟ್ಟಿಗೆಗೆ ಹೋದಳು. ಎಮ್ಮೆ ಅಂದು ಹಾಲು ಬಿಡಲು ತಡ ಮಾಡಿತು. ಫೋಟೋದವನಿಗೆ ಬಸ್ಸಿನ ಅವಸರ. ಅಜ್ಜ ಗೋಡೆಯ ಮೇಲೆ ಬಂದ, ಅಜ್ಜಿ ಬರಲಿಲ್ಲ. ಮುಂದೆ ಸ್ವಲ್ಪ ದಿನಕ್ಕೇ ತೀರಿಕೊಂಡಳು. ಮಾಮಾ ಆಗ ಇನ್ನೂ ಅಂಬೆಗಾಲಿಡುವ ಕೂಸು; ತಾಯಿಯ ಮುಖ ಅವನಿಗೆ ನೆನಪಿಲ್ಲ. ಆ ಮುಖ ನೋಡಿ ನೆನಪಿಟ್ಟುಕೊಂಡಿರುವ ಜೀವ ಭೂಮಿಯ ಮೇಲೆ ಈಗ ಒಂದೇ, ನಮ್ಮ ತಾಯಿ.

ಆಕೆಯ ಉತ್ತರವೂ ಒಂದೇ.

"ಅಲ್ಲ. ಈಕಿ ಕೈ ಕಟಗೊಂಡು ನಿಂತಾಳ. ಅವ್ವನ ಕೈಗೆ ಅಷ್ಟು ಬಿಡುವು ಎಲ್ಲಿತ್ತು?"

ಮುಂದಿನ ವಾರ ಮತ್ತೊಬ್ಬಳು. "ಅಲ್ಲೋ. ಕುಂಕುಮ ನೋಡು, ಎಷ್ಟು ಸಣ್ಣದು. ಅವ್ವಂದು ಕಾಸಿನಗಲ. ರೊಟ್ಟಿ ಬಡಿಯೂ ಮುಂದ ಬೆವತು ಮೂಗಿನ ಮ್ಯಾಲ ಇಳೀತಿತ್ತು."

ಅದರ ಮುಂದಿನ ವಾರ ನಮ್ಮ ತಾಯಿಗೆ ನಿಜವಾಗಿ ಸಿಟ್ಟು ಬಂತು. "ಈಕಿ ಯಾವಾಕ್ಯೋ ಗೌಡಸಾನಿ. ಮೂಗಿನ ಮ್ಯಾಲ ಸಿಟ್ಟು ಐತಿ. ಅವ್ವಗ ಸಿಟ್ಟು ಬಂದ್ರ ಮೂಗಿಗೆ ಬರ್ತಿರ್ಲಿಲ್ಲ, ಕಾಲಿಗೆ ಬರ್ತಿತ್ತು. ದಪದಪ ನಡೀತಿದ್ಲು."

ಮಾಮಾ, "ಹೌದಾ? ದಪದಪ?" ಎಂದು ಟ್ಯಾಬ್ ಮುಚ್ಚುವನು. ಸೋತವನ ಮುಖ ಅಲ್ಲ. ಎರಡು ಬಟ್ಟಲು ಚಹಾ ಕುಡಿದು, ಮೀಸೆ ಒರೆಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಡುವನು.

ಈಗ ಗಾಡಿಯ ಪ್ರಕರಣಕ್ಕೆ ಬರುತ್ತೇನೆ. ಮಾಮಾನ ಕೀರ್ತಿ ತುದಿ ಮುಟ್ಟಿದ್ದೂ, ಕಾಲು ಜಾರಿದ್ದೂ ಅಲ್ಲೇ.

ಎತ್ತಿನ ಗಾಡಿಯ ಪಕ್ಕ ಭಾರೀ ರುಮಾಲಿನ ಮನುಷ್ಯನೊಬ್ಬ ಬೆತ್ತ ಹಿಡಿದು ನಿಂತ ಫೋಟೋ ಅದು. ಮಾಮಾ ಅದನ್ನು ತಿಳವಳ್ಳಿಯ ಒಂದು ಮನೆಗೆ ಅಜ್ಜನೆಂದು ಕೊಟ್ಟಿದ್ದ. ಕೊಟ್ಟದ್ದನ್ನು ಮರೆತು, ಬಹಳ ದಿನಗಳ ಮೇಲೆ ಚಿಕ್ಕೇರೂರಿನ ಇನ್ನೊಂದು ಮನೆಗೂ ಕೊಟ್ಟ. ಎರಡೂ ಕಡೆ ಅಜ್ಜ ಗೋಡೆ ಏರಿದ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಎರಡೂ ಕಡೆ ಎಡೆ, ಹೋಳಿಗೆ, ಧೋತರದ ಜೋಡಿ. ಹೆಸರಿಲ್ಲದೆ ಪರದೇಶದ ಪೆಟ್ಟಿಗೆಯಲ್ಲಿ ಉಪವಾಸ ಬಿದ್ದಿದ್ದ ಆತ್ಮಕ್ಕೆ ಒಂದೇ ಮಧ್ಯಾಹ್ನ ಎರಡೆರಡು ಊಟ!

ದೈವ ನೋಡಿ, ತಿಳವಳ್ಳಿಯ ಆ ಮನೆಯ ಹುಡುಗನಿಗೆ ಚಿಕ್ಕೇರೂರಿನ ಇದೇ ಮನೆಯ ಹೆಣ್ಣಿನ ಪ್ರಸ್ತಾಪ ಬಂತು. ಹುಡುಗನ ಕಡೆಯವರು ಕನ್ಯೆ ನೋಡಲು ಬಂದು, ಅವಲಕ್ಕಿ ಬಾಯಿಗೆ ಹಾಕಿಕೊಂಡು ತಲೆ ಎತ್ತಿದರೆ ಎದುರಿನ ಗೋಡೆಯ ಮೇಲೆ ಯಾರು? ತಮ್ಮ ಅಜ್ಜ. ಅವಲಕ್ಕಿ ಅಲ್ಲೇ ನಿಂತಿತು. ಒಂದೇ ಅಜ್ಜನ ಮೊಮ್ಮಕ್ಕಳೆಂದ ಮೇಲೆ ಹುಡುಗ ಹುಡುಗಿ ಅಣ್ಣ ತಂಗಿ! ಚಹಾ ಹಿಡಿದು ಬಂದಿದ್ದ ಹುಡುಗಿ ಅಣ್ಣನಿಗೆ ಕೊಡಬೇಕೋ ಗಂಡನಾಗುವವನಿಗೆ ಕೊಡಬೇಕೋ ತಿಳಿಯದೆ ತಾಟು ಹಿಡಿದು ನಿಂತಳಂತೆ.

ಮಾಮಾನಿಗೆ ಕರೆ ಬಂತು. ಜೊತೆಗೆ ನಾನೂ ಹೋದೆ. ಪೆಟ್ಟು ಬಿದ್ದರೆ ಹಂಚಿಕೊಳ್ಳಲು ಒಬ್ಬರು ಬೇಕಲ್ಲ. ತಪ್ಪಾಯಿತು, ಈತ ಇಬ್ಬರಿಗೂ ಅಜ್ಜನಲ್ಲ, ಕೆಳಗಿಳಿಸಿ ಎಂದರೆ ಮುಗಿಯುತ್ತಿತ್ತು. ಮಾಮಾ ಮೊದಲು ಹಾಗೆಯೇ ಅಂದ. ಎರಡೂ ಕಡೆಯವರು ತಿರುಗಿಬಿದ್ದರು.

ತಿಳವಳ್ಳಿಯ ಹಿರಿಯರು, "ಹಂಗೆಂಗ ಇಳಸ್ತೀರಿ? ಎಡಿ ಇಟ್ಟು ಕೈ ಮುಗದೇವಿ. ಈಗ ನೀ ನಮ್ಮಜ್ಜ ಅಲ್ಲ ಅಂತ ಯಾವ ಬಾಯಿಲೆ ಹೇಳೂದು?" ಎಂದರು.

ಚಿಕ್ಕೇರೂರಿನವರು ಬಿಡುತ್ತಾರೆಯೆ? "ನಮ್ಮಜ್ಜ ಬಂದ ಮ್ಯಾಲ ಬೋರಿಗೆ ನೀರು ಬಿದ್ದೈತಿ. ನಾವಂತೂ ಬಿಡೂದಿಲ್ಲ."

ಮಾಮಾ ಫೋಟೋವನ್ನು ಗೋಡೆಯಿಂದ ಇಳಿಸಿ, ಜಗುಲಿಯ ಬೆಳಕಿಗೆ ಹಿಡಿದು, ತಹಶೀಲ್ದಾರರ ಗಾಂಭೀರ್ಯದಿಂದ ಪರಿಶೀಲಿಸಿದ. ಎತ್ತಿನ ಆಚೆ ಬದಿಗೆ ಹಗ್ಗ ಹಿಡಿದ ಇನ್ನೊಬ್ಬ ಮನುಷ್ಯನಿದ್ದ. ಇಷ್ಟು ದಿನ ಯಾರೂ ಅವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಪೋಟಹಿಸ್ಸೆ ಮಾಡೂಣ. ಅಂದ್ರ ಒಂದು ಹೊಲಾ ಒಡದು ಎರಡು ಹೊಲಾ. ರುಮಾಲಿನಾಂವ ತಿಳವಳ್ಳಿಗೆ. ಎತ್ತು ಹಿಡದಾಂವ ಚಿಕ್ಕೇರೂರಿಗೆ."

"ಅಂದ್ರ ನಮ್ಮಜ್ಜ ಅವರ ಮನ್ಯಾಗ ಆಳು ಇದ್ದನೇನ್ರಿ?" ಚಿಕ್ಕೇರೂರಿನ ಯಜಮಾನರು ಎದ್ದೇ ನಿಂತರು.

"ಕುಂದರ್ರಿ ಯಜಮಾನ್ರ. ಗಾಡಿ ಅವರಜ್ಜಂದು, ಎತ್ತು ನಿಮ್ಮಜ್ಜಂದು. ಎತ್ತಿಲ್ಲದ ಗಾಡಿ ಎಲ್ಲಿಗೆ ಹೋಕ್ಕೈತಿ? ಅವಾಗಿಂದ ನಿಮ್ಮ ಎರಡೂ ಮನಿ ಪಾಲಿನ್ಯಾಗ ನಡದಾವ. ಈಗ ಬೀಗತನ ಆಗೂದು ಹೊಸಾದೇನಲ್ಲ."

ಯಜಮಾನರು ಮತ್ತೆ ಕೂತರು. ಆ ವರ್ಷವೇ ಮದುವೆ ಆಯಿತು. ಶಿಗ್ಗಾಂವಿಯ ಅಂಗಡಿಯವನು ಎರಡೂ ಮನೆಯ ಕಟ್ಟು ಬಿಚ್ಚಿ, ಫೋಟೋ ಅವರವರ ಪಾಲಿಗೆ ಕತ್ತರಿಸಿ ಮತ್ತೆ ಕಟ್ಟು ಹಾಕಿಕೊಟ್ಟ. ಎತ್ತು ಪೂರ್ತಿಯಾಗಿ ಚಿಕ್ಕೇರೂರಿಗೆ ಹೋಯಿತು. ಅದರ ಬಾಲ ಮಾತ್ರ ಇವತ್ತಿಗೂ ತಿಳವಳ್ಳಿಯಲ್ಲಿದೆ.

ಆ ಮದುವೆಯ ಊಟ ಮುಗಿಸಿ ಹಿಂತಿರುಗುವಾಗ ಬಸ್ಸಿನಲ್ಲಿ ಕೇಳಿದೆ. ಕೇಳಲು ಕಾರಣವಿತ್ತು. ಕೆಲವು ತಿಂಗಳಿಂದ ನಮ್ಮ ತಾಯಿಯ ಕಣ್ಣು ಮಂಜಾಗುತ್ತ ಬಂದಿತ್ತು. ಇದು ಪೊರೆಯಲ್ಲ, ನರದ ಬಾಧೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿಯಾಗಿತ್ತು.

"ಮಾಮಾ, ಊರಿಗೆಲ್ಲಾ ಅಜ್ಜಂದಿರನ್ನ ಹಂಚಿದಿ. ನಿಮ್ಮವ್ವಂದು ಅಂತ ಒಂದು ಫೋಟೋ ಯಾಕ ಹಚ್ಚಲಿಲ್ಲ? ಯಾರನ್ನರ ತೋರ್ಸಿ ಹೌದನ್ನಸಿಬಿಡು. ಇನ್ನ ನಮ್ಮವ್ವನ ಕಣ್ಣೂ ಕಾಣೂದಿಲ್ಲ. ಹುಡುಕಿ ಏನ್ಮಾಡ್ತಿ?"

ಮಾಮಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದ. "ಅವ್ವನ ಫೋಟೋ ಸಿಗೂದಿಲ್ಲ ಅಂತ ನನಗ ಮೊದಲ ದಿನದಿಂದ ಗೊತ್ತೈತಿ. ತಗದಿದ್ರ ಅಲ್ಲ ಸಿಗೂದು?"

"ಮತ್ತ?"

"ಅವ್ವ ಹೆಂಗಿದ್ಲು ಅಂತ ಅಕ್ಕನ್ನ ಸಣ್ಣಾಂವ ಇದ್ದಾಗಿಂದ ಕೇಳಾಕತ್ತೇನಿ. ಎಲ್ಲಾರ ಅವ್ವನಂಗ ಇದ್ಲು ಅಂತಿದ್ಲು, ಮುಗೀತು. ಬ್ಯಾರೆ ಯಾರನ್ನರ ತೋರ್ಸಿ ಈಕಿ ಏನ ಅಂದ್ರ ಮಾತು ಹೊಂಡತಾವ. ಗಡಿಕಲ್ಲು ಕಿತ್ತುಹೋದ ಹೊಲಾ ಹೆಂಗ ಹುಡುಕ್ತಾರ ಗೊತ್ತೇನ ನಿನಗ? ಸುತ್ತಲ ಹೊಲಾ ಅಳೀತಾರ. ಇದು ಅವರದು, ನಮ್ಮದಲ್ಲ. ಇದು ಇವರದು, ನಮ್ಮದಲ್ಲ. ಅಲ್ಲ ಅಲ್ಲ ಅನಕೋತ ಬಂದ್ರ ನಡುವ ಒಂದಿಷ್ಟು ಉಳೀತೈತಿ ನೋಡು, ಅದ ನಮ್ಮದು."

ಬಸ್ಸು ತಿಳವಳ್ಳಿ ದಾಟಿತು.

ಈ ಸಲದ ಹಿರಿಯರ ಹಬ್ಬಕ್ಕೆ ಮಾಮಾ ಹಾನಗಲ್ಲಿಗೇ ಬಂದ. ಮಣೆಯ ಮೇಲೆ ಅಜ್ಜನ ಫೋಟೋ. ಪಕ್ಕದಲ್ಲಿ, ಪ್ರತಿ ವರ್ಷದಂತೆ, ಅಜ್ಜಿಯ ಜಾಗದಲ್ಲಿ ಮಡಚಿಟ್ಟ ಒಂದು ಇಳಕಲ್ ಸೀರೆ, ಅದರ ಮೇಲೆ ನೀರು ತುಂಬಿದ ತಂಬಿಗೆ. ಪೂಜೆ ಮುಗಿದು ಎಲೆ ಹಾಕುವ ಮೊದಲು ಮಾಮಾ ಚೀಲದಿಂದ ಟ್ಯಾಬ್ ತೆಗೆದು ಅಕ್ಕನ ಪಕ್ಕ ಕೂತ. ನಾನು ಹೋಳಿಗೆಯ ಬುಟ್ಟಿ ಹಿಡಿದು ಹಿಂದೆಯೇ ನಿಂತಿದ್ದೆ. ಟ್ಯಾಬಿನ ಪರದೆ ಕಪ್ಪಗಿತ್ತು. ಅವನು ಅದನ್ನು ಹೊತ್ತಿಸಿಯೇ ಇರಲಿಲ್ಲ.

"ಅಕ್ಕಾ, ಈಕಿ ಅವ್ವ ಏನ ನೋಡು."

ನಮ್ಮ ತಾಯಿ ಮುಖ ಬಗ್ಗಿಸಿದಳು. ಆಮೇಲೆ ಕೈ ಚಾಚಿ ಗಾಜಿನ ಮೇಲೆ ಬೆರಳಾಡಿಸಿದಳು.

"ಅಲ್ಲೋ ತಮ್ಮಾ. ಈಕಿ ಭಾಳ ತಣ್ಣಗ ಅದಾಳ. ಅವ್ವನ ಗಲ್ಲ ಬೆಚ್ಚಗಿರ್ತಿತ್ತು. ಎಮ್ಮಿ ಹೊಟ್ಟಿಗೆ ಗಲ್ಲಾ ಆನಿಸಿ ಹಿಂಡತಿದ್ಲಲ್ಲ, ಅದಕ್ಕ. ಹಿಂಡಿ ಬಂದು ನಿನ್ನ ಎತಗೊಂಡು ಗಲ್ಲಕ್ಕ ಗಲ್ಲಾ ಹಚ್ಚಿದ್ರ ನೀ ಅಳೂದು ಬಿಡತಿದ್ದಿ. ನಾ ಎತಗೊಂಡ್ರ ಬಿಡತಿರ್ಲಿಲ್ಲ."

ಮಾಮಾನ ಕೈ ತಾನಾಗಿ ಗಲ್ಲದ ಮೇಲೆ ಹೋಗಿತ್ತು, ಎಡಗಡೆಯ ಗಲ್ಲ. ಆಮೇಲೆ ಟ್ಯಾಬನ್ನು ಚೀಲದೊಳಗಿಟ್ಟ.

"ಹಂಗಾರ ಈಕಿ ಅಲ್ಲ. ಮುಂದಿನ ವಾರ ಇನ್ನೊಬ್ಬಾಕಿನ್ನ ತರ್ತೇನಿ."

"ತಾ," ಎಂದಳು ನಮ್ಮ ತಾಯಿ. "ನಿನ್ನ ಟ್ಯಾಬಿಗೆ ದೀಪಾ ಹಚ್ಚದಿದ್ರೂ ನಡೀತೈತಿ. ಕಣ್ಣು ಹೋದ್ರೂ ಅಲ್ಲ ಅನ್ನಾಕ ಬರ್ತೈತಿ ನನಗ."