ಪಾಳೇಗಾರರ ಗುಣ ಓದಿದ ಮೇಷ್ಟ್ರು

ಶಾನುಭೋಗರ ಮನೆಯಲ್ಲಿ ಹುಟ್ಟಿದವನ ಸುತ್ತ ಇಂಥವು ನಡೆಯುತ್ತಲೇ ಇರುತ್ತವೆ. ಸ್ನಾನ, ಸಂಧ್ಯಾವಂದನೆ ಮುಗಿಸಿ, ಇವತ್ತಾದರೂ ಸುಮ್ಮನೆ ಕೂರೋಣವೆಂದು ಜಗಲಿಗೆ ಬಂದರೆ ಯಾರಾದರೊಬ್ಬರು ಕಾಗದ ಹಿಡಿದು ನಿಂತಿರುತ್ತಾರೆ. ಭಗವಂತನ ಇಚ್ಛೆ.

ವಾಲಿದ ಅಕ್ಷರ

ಯುದ್ಧದ ಕಾಲ. ಬೆಂಗಳೂರಿನ ಮೇಲೆ ಬಾಂಬು ಬೀಳುತ್ತದಂತೆ ಎಂಬ ಗುಲ್ಲೆದ್ದಾಗ ನಮ್ಮ ದೂರದ ನೆಂಟರೊಬ್ಬರು, ಪಿಂಚಣಿ ಪಡೆದ ಹೈಸ್ಕೂಲು ಮೇಷ್ಟ್ರು, ತೂಬಗೆರೆ ಪಕ್ಕದ ನಮ್ಮ ಹಳ್ಳಿಗೆ ಬಂದು ನಮ್ಮ ಮನೆಯಲ್ಲೇ ಉಳಿದರು. ಕೈಬರಹ ನೋಡಿ ಬರೆದವರ ಗುಣ ಹೇಳುವ ವಿದ್ಯೆಯನ್ನು ಅವರು ಯಾವುದೋ ಇಂಗ್ಲಿಷ್ ಪುಸ್ತಕದಿಂದ ಕಲಿತಿದ್ದರು. ಅಕ್ಷರ ಓದಲು ಬರಬೇಕೆಂದೇನೂ ಇಲ್ಲ, ಗೆರೆ ನೋಡಿದರೆ ಸಾಕು ಎನ್ನುತ್ತಿದ್ದರು.

ಒಬ್ಬ ರೈತ ತನ್ನ ಅಳಿಯನ ಕಾಗದ ತಂದು ತೋರಿಸಿದ. ಅಕ್ಷರಗಳೆಲ್ಲ ಬಲಕ್ಕೆ ವಾಲಿದ್ದವು. ಹೀಗೆ ವಾಲಿದರೆ ಬಹಳ ಅಂತಃಕರಣದ ಮನುಷ್ಯ, ಮಾವನೆಂದರೆ ಪ್ರಾಣ ಬಿಡುತ್ತಾನೆ ಎಂದರು ಮೇಷ್ಟ್ರು. ರೈತ ಕಾಗದವನ್ನು ವಾಪಸು ತೆಗೆದುಕೊಂಡು ತಿರುಗಿಸಿ ನೋಡಿದ.

"ಅವ್ನು ಗಾಡೀಲಿ ಕೂತ್ಕೊಂಡು ಬರ್ದಿದ್ದು ಸ್ವಾಮಿ. ಗಾಡಿ ಆ ಕಡೆ ವಾಲಿತ್ತೇನೋ."

ಪೂಜೆಯ ಕಾಗದ

ನಮ್ಮೂರ ಪಟೇಲರದು ಹಳೆಯ ಪಾಳೇಗಾರರ ವಂಶ. ಆ ಪಾಳೇಗಾರರು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯವನನ್ನು ಕೆರೆಗೆ ಎಸೆದರಂತೆ ಎಂಬ ಕಥೆ ಸುತ್ತ ಏಳು ಹಳ್ಳಿಗೂ ಗೊತ್ತು. ಪಟೇಲರ ಮಗಳನ್ನು ದೇವನಹಳ್ಳಿ ಕಡೆಯವರು ನೋಡಿಕೊಂಡು ಹೋಗಿದ್ದರು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಆದರೆ ತಿಂಗಳಾದರೂ ಮಾತಿಲ್ಲ.

"ಆ ಕೆರೆ ಕತೆ ಅವ್ರ ಕಿವಿಗೆ ಬಿದ್ದದೆ ಶಾನುಭೋಗ್ರೇ. ಸಿಟ್ಟಿನ ವಂಶದ ಹೆಣ್ಣು ಬೇಡ ಅಂತವ್ರೆ" ಎಂದು ಪಟೇಲರು ನನ್ನ ಹತ್ತಿರ ಕಣ್ಣೊರೆಸಿಕೊಂಡರು. ಒಂದು ಮಾತು ಕೇಳಿಬಿಡಬಾರದೇ ಎಂದೆ. ಹೆಣ್ಣಿನ ಕಡೆಯವರು ಬಾಯಿಬಿಟ್ಟು ಕೇಳುವುದುಂಟೇ ಎಂದರು.

ಅವರ ದೇವರ ಮನೆಯಲ್ಲಿ ಪಾಳೇಗಾರರ ಕಾಲದ ಒಂದು ನಿರೂಪ, ಅಂದರೆ ಅಪ್ಪಣೆಯ ಕಾಗದ, ಇತ್ತು. ಅದಕ್ಕೆ ವರ್ಷವರ್ಷ ಆಯುಧಪೂಜೆಯಲ್ಲಿ ಪೂಜೆಯಾಗುತ್ತಿತ್ತೇ ಹೊರತು ಯಾರೂ ಬಿಚ್ಚಿ ಓದಿದವರಿಲ್ಲ. ಅದನ್ನು ಬೀಗರ ಎದುರಿಗೇ ಮೇಷ್ಟ್ರಿಂದ ಪರೀಕ್ಷೆ ಮಾಡಿಸಿ ವಂಶದ ಕಳಂಕ ಕಳೆಯಬೇಕೆಂದು ಪಟೇಲರ ಯೋಚನೆ. ಶ್ರಾವಣ ಶನಿವಾರದ ಪೂಜೆಯ ನೆಪದಲ್ಲಿ ದೇವನಹಳ್ಳಿಯವರನ್ನು ಕರೆಸಿದರು. ಹುಡುಗ ಬಂದ, ಅವನಪ್ಪ ಬಂದರು, ಮನೆಯ ಯಜಮಾನಿಕೆ ನಡೆಸುವ ಅಜ್ಜಿಯೂ ಬಂದರು.

ಮೇಷ್ಟ್ರು ಸುರುಳಿ ಬಿಚ್ಚಿದರು. ಮೈತುಂಬ ಕೆಂಪು ಕಲೆ. ಅವರು ಕನ್ನಡಕ ಸರಿಮಾಡಿಕೊಂಡು, "ಇದು ರಕ್ತವೇ?" ಎಂದು ಮೆಲ್ಲಗೆ ಕೇಳಿದರು.

ಪಟೇಲರು ಬೀಗರ ಕಡೆ ನೋಡಿ ಬೆವತುಬಿಟ್ಟರು. "ಕುಂಕುಮ ಸ್ವಾಮಿ, ಕುಂಕುಮ."

ಹಲ್ಲಿಯನ್ನೂ ಹೊಡೆಯದವರು

ನಿರೂಪವಿದ್ದದ್ದು ಹಳೆಯ ದಫ್ತರಗಳ ಮೋಡಿ ಲಿಪಿಯಲ್ಲಿ; ಅದು ಮೇಷ್ಟ್ರಿಗೆ ಬಾರದು. ಆದರೂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಸಾಲುಗಳು ನೂಲು ಹಿಡಿದಂತೆ ನೆಟ್ಟಗಿವೆ, ಒಂದು ಹನಿ ಮಸಿ ಚೆಲ್ಲಿಲ್ಲ ಎಂದರು. ಈ ಪಾಳೇಗಾರರು ದೈವಭಕ್ತರು, ತಾಳ್ಮೆಯವರು, ಮಿತಾಹಾರಿಗಳು, ಹೆಂಡತಿಯ ಮಾತು ಮೀರದವರು. ಅಡುಗೆಯವನಿರಲಿ, ಗೋಡೆಯ ಹಲ್ಲಿಯನ್ನೂ ಹೊಡೆದವರಲ್ಲ.

ಪಟೇಲರು ಎದ್ದು ಮೇಷ್ಟ್ರಿಗೆ ಕೈಮುಗಿದರು. ಆದರೆ ಅಜ್ಜಿಯ ಮುಖ ಯಾಕೋ ಸಪ್ಪಗಾಯಿತು. ಹೊತ್ತಾಯಿತು, ಆಮೇಲೆ ಹೇಳಿಕಳಿಸುತ್ತೇವೆ ಎಂದು ಸೆರಗು ಸರಿಮಾಡಿಕೊಂಡರು.

ಪಟೇಲರು ಗಾಬರಿಯಾಗಿ, ಒಳಗೆ ಏನು ಬರೆದಿದೆಯೋ ಅದನ್ನೂ ಕೇಳಿಕೊಂಡು ಹೋಗಿ ಎಂದು ಕಾಗದವನ್ನು ನನ್ನ ಕೈಗಿಟ್ಟರು. ನಾನು ನಿಧಾನವಾಗಿ ಓದಿದೆ. ಕೆರೆಯ ತೂಬು ದುರಸ್ತಿ ಮಾಡಬೇಕೆಂಬ ಅಪ್ಪಣೆ. ಕೊನೆಯಲ್ಲಿ, ಎಲ್ಲ ನಿರೂಪದಲ್ಲೂ ಇರುವಂತೆ, ಬರೆದವರ ಹೆಸರು. ಅದು ನಮ್ಮ ಮುತ್ತಾತನ ಅಪ್ಪನ ಹೆಸರು. ಪಾಳೇಗಾರರು ತಾವೇ ಕೂತು ಬರೆಯುವ ಪದ್ಧತಿ ಎಲ್ಲಿತ್ತು? ಶಾನುಭೋಗ ಬರೆಯುವುದು, ಅವರು ರುಜು ಹಾಕುವುದು. ದೇವರ ಮುಂದೆ ಕೂತು ಒಂದು ಸಾಲು ನುಂಗಲು ನನ್ನಿಂದಾಗಲಿಲ್ಲ, ಓದಿಬಿಟ್ಟೆ.

ಮೇಷ್ಟ್ರು ಹೇಳಿದ ಗುಣಗಳೆಲ್ಲ ನಮ್ಮ ವಂಶದ ಪಾಲಿಗೆ ಬಂದವು. ಬಾಗಿಲ ಹಿಂದೆ ಹೆಂಗಸರ ನಡುವೆ ಕೂತಿದ್ದ ನನ್ನ ಹೆಂಡತಿಯ ದನಿ ಕೇಳಿತು.

"ಹೆಂಡ್ತಿ ಮಾತು ಮೀರೋಲ್ಲ ಅಂದ್ರಲ್ಲ, ಆ ಗುಣ ನಮ್ಮ ಮನೇಲಿ ಯಾವ ತಲೆಮಾರಿಗೆ ನಿಂತೋಯ್ತು ಅಂತ ಮೇಷ್ಟ್ರನ್ನ ಕೇಳಿ."

ರುಜು

ಹಾಗಾದರೆ ಪಾಳೇಗಾರರ ಸ್ವಂತ ಕೈ ಯಾವುದು ಎಂದು ಮೇಷ್ಟ್ರು ಕೇಳಿದರು. ಕೆಳಗಡೆ, ಸುರುಳಿ ಪೂರ್ತಿ ಬಿಚ್ಚದೆ ಕಾಣದ ತುದಿಯಲ್ಲಿ, ಕತ್ತಿಯ ಆಕಾರದ ಒಂದು ಗೀಟು ಇತ್ತು, ಅದನ್ನು ತೋರಿಸಿದೆ. ಎಳೆದ ರಭಸಕ್ಕೆ ಕಾಗದವೇ ಸೀಳಿತ್ತು. ಮೇಷ್ಟ್ರು ಸುಳ್ಳು ಹೇಳುವವರಲ್ಲ. ಪಟೇಲರ ಮುಖ ನೋಡಿದರು, ಗೀಟು ನೋಡಿದರು, ಕನ್ನಡಕ ತೆಗೆದು ಕೆಳಗಿಟ್ಟರು.

"ಕಡುಕೋಪ. ಹಿಡಿದದ್ದು ಬಿಡುವ ಜಾತಿಯಲ್ಲ. ಎದುರು ನಿಂತವರನ್ನ ಉಳಿಸುವವರಲ್ಲ. ಆ ಅಡುಗೆಯವನನ್ನ ಎಸೆದೇ ಇರಬೇಕು."

ಪಟೇಲರು ತಲೆಯ ಮೇಲೆ ಕೈಹೊತ್ತರು. ಹೊರಟು ನಿಂತಿದ್ದ ಅಜ್ಜಿ ತಿರುಗಿ ಬಂದು ಚಾಪೆಯ ಮೇಲೆ ಕೂತರು.

"ಇದನ್ನ ಮೊದ್ಲೇ ಹೇಳೋದಲ್ವೇನಪ್ಪಾ? ನನ್ನ ಮಗ ಸಾಧು, ಮೊಮ್ಮಗ ಅವನಿಗಿಂತ ಸಾಧು. ದಾಯಾದಿಗಳು ವರ್ಷಕ್ಕೊಂದು ಸಾಲು ನಮ್ಮ ಹೊಲ ಉತ್ಕೊಂಡು ಬರ್ತಾವ್ರೆ, ಇವರಿಬ್ಬರೂ ಬದುವಿನ ಮ್ಯಾಲೆ ನಿಂತು ನೋಡ್ತಾವ್ರೆ. ನಿನ್ನ ಮಗಳು ಅವತ್ತು ತಲೆ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಇವಳೂ ಸಾಧು ಅಂತ್ಲೇ ನಾನು ಸುಮ್ಕಾಗಿದ್ದು."

ಗಂಡಿನ ಕಡೆಯವರೆದುರು ತಲೆ ಎತ್ತಬೇಡವೆಂದು ಮಗಳಿಗೆ ಆಣೆ ಹಾಕಿಸಿದ್ದವರು ಪಟೇಲರೇ.

ಹುಡುಗಿಯ ಕೈಲೂ ಒಂದು ರುಜು ಹಾಕಿಸಿ ಎಂದರು ಅಜ್ಜಿ. ಪಟೇಲರ ಮಗಳು ಹೊರಗೆ ಬಂದಳು. ಒಂದು ತಿಂಗಳಿಂದ ಅಪ್ಪನ ಗೋಳು, ಬೆಳಗಿನಿಂದ ಈ ಪರೀಕ್ಷೆ, ಎಲ್ಲ ಕೇಳಿ ಕೇಳಿ ಅವಳ ಮುಖ ಕೆಂಡವಾಗಿತ್ತು. ನನ್ನ ಲೇಖನಿ ತೆಗೆದುಕೊಂಡು, ಮಣೆಯ ಮೇಲೆ ಕಾಗದವಿಟ್ಟು, ಹೆಸರು ಬರೆದು ಕೆಳಗೊಂದು ಗೆರೆ ಎಳೆದಳು. ನಿಬ್ಬು ಪಟ್ಟನೆ ಮುರಿದು ಮೇಷ್ಟ್ರ ಮಡಿಲಿಗೆ ಹಾರಿತು.

ಇದಕ್ಕೆ ಭೂತಗನ್ನಡಿ ಬೇಡ ಎಂದರು ಮೇಷ್ಟ್ರು.

ಅಜ್ಜಿ ಆ ಗೆರೆಯನ್ನು ಒಮ್ಮೆ ಬೆರಳಿನಿಂದ ಸವರಿ, "ತಾಂಬೂಲದ ತಟ್ಟೆ ತನ್ನಿ" ಎಂದರು.

ಹುಡುಗ ಮಾತ್ರ ಚಾಪೆಯ ಮೇಲೆ ಒಂದು ಗೇಣು ಹಿಂದಕ್ಕೆ ಸರಿದು ಕೂತ.