ಹತ್ತು ನಿಮಿಷ ಚೆನ್ನಾಗಿ ನೆನೆಸಿ

ನಾನು ಫಸ್ಟ್ ಏಡ್‌ನಲ್ಲಿ ಸರ್ಟಿಫಿಕೇಟ್ ಪಡೆದವಳು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದಿದ ಮೇಲೆ ಯಾರೂ ನಂಬುವುದಿಲ್ಲ!

ಆ ಸರ್ಟಿಫಿಕೇಟ್ ಹುಡುಕಲು ಹೋಗಿಯೇ ನನಗೆ ಗಾಯವಾದದ್ದು. ದಾವಣಗೆರೆಯಲ್ಲಿ ನಮ್ಮ ಕಾನ್ವೆಂಟಿನ ಹಳೆಯ ಹುಡುಗಿಯರೆಲ್ಲ ಸೇರುವುದೆಂದು ಗೊತ್ತಾಗಿತ್ತು. ಹುಡುಗಿಯರೆಂದರೆ ಎಪ್ಪತ್ತು ದಾಟಿದವರು! ನಮಗೆ ಇಂಗ್ಲಿಷೂ ಫಸ್ಟ್ ಏಡೂ ಕಲಿಸಿದ ಸಿಸ್ಟರ್ ಆಗ್ನೆಸ್ ಬರುತ್ತಾರಂತೆ. ತೊಂಬತ್ತು ದಾಟಿದ ಜೀವ. ಇನ್ನೊಮ್ಮೆ ಸಿಗುತ್ತಾರೋ ಇಲ್ಲವೋ. ಗ್ರೂಪ್ ಫೋಟೋಗೆ ಎಲ್ಲರೂ ಯೂನಿಫಾರ್ಮಿನ ನೀಲಿ ಬಣ್ಣದಲ್ಲೇ ಬರಬೇಕೆಂದು ಆರ್ಡರ್. ಸಿಸ್ಟರ್‌ಗೆ ಸರ್ಟಿಫಿಕೇಟ್ ತೋರಿಸೋಣವೆಂದು ಸ್ಟೂಲ್ ಹತ್ತಿ ಅಟ್ಟದ ಟ್ರಂಕಿಗೆ ಕೈ ಹಾಕಿದೆ. ಟ್ರಂಕು ಇಳಿಯಿತು. ನಾನೂ ಇಳಿದೆ. ಟ್ರಂಕು ಸ್ವಲ್ಪ ಮೊದಲು, ನಾನು ಸ್ವಲ್ಪ ಆಮೇಲೆ!

ಬಲ ಮೊಣಕೈ ಚೆನ್ನಾಗಿ ತರಚಿ ರಕ್ತ ಬಂತು.

"ನರ್ಸಮ್ಮನ ಹತ್ರ ಹೋಗಾಣ ಬಾರೆ" ಎಂದರು ಯಜಮಾನರು. ಅವರು ಸಾಸ್ವೆಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರು.

"ಸರ್ಟಿಫೈಡ್ ಪರ್ಸನ್ ಮನೇಲೇ ಇರುವಾಗ ನರ್ಸ್ ಯಾಕ್ರೀ?" ಎಂದು ಹಸಿ ಗಾಯದ ಮೇಲೆ ನೇರವಾಗಿ ಹತ್ತಿ ಒತ್ತಿದೆ. ಅದರ ಮೇಲೆ ಇನ್ನಷ್ಟು ಹತ್ತಿ. ಅದರ ಮೇಲೆ ಅವರ ಕೈಯಲ್ಲಿ ಬ್ಯಾಂಡೇಜ್ ಸುತ್ತಿಸಿದೆ. ಮುಗಿದಾಗ ಮೊಣಕೈಗೊಂದು ಪುಟ್ಟ ದಿಂಬು ಕಟ್ಟಿದಂತಿತ್ತು. ಪರ್ಫೆಕ್ಟ್!

ಮೂರನೆಯ ದಿನವೇ ಕಾರ್ಯಕ್ರಮ. ಚನ್ನಗಿರಿಯಿಂದ ಬಸ್ಸು ಹನ್ನೊಂದೂವರೆಗೆ. ಒಂಬತ್ತು ಗಂಟೆಗೆ ನೀಲಿ ರೇಷ್ಮೆ ಬ್ಲೌಸ್ ತೊಡಲು ಹೋದರೆ ತೋಳು ದಿಂಬಿನ ಹತ್ತಿರ ಬಂದು ನಿಂತೇಬಿಟ್ಟಿತು. ಬ್ಯಾಂಡೇಜ್ ಬಿಚ್ಚಿದೆ. ಸಲೀಸಾಗಿ ಬಂತು. ಹತ್ತಿ ಬರಲಿಲ್ಲ! ರಕ್ತದ ಜೊತೆ ಒಣಗಿ ಗಾಯಕ್ಕೆ ಅಂಟಿ, ನನ್ನದೇ ಒಂದು ಅವಯವವಾಗಿಬಿಟ್ಟಿತ್ತು.

ಬೇರೆ ದಾರಿಯಿಲ್ಲದೆ, ನಮ್ಮ ಬೀದಿಯ ಕೊನೆಯ ಮನೆಯ ನರ್ಸ್ ಶಾಂತಾಗೆ ಫೋನ್ ಮಾಡಿದೆ. ನಲ್ಲೂರಿನ ಹುಡುಗಿ, ಬಹಳ ಚುರುಕು.

"ಎಳೀಬ್ಯಾಡ್ರಿ ಅಮ್ಮಾರೆ! ಕುದಿಸಿ ಆರಿಸಿದ ನೀರು ಒಂದು ಬಟ್ಟಲು ಇಟ್ಕಳ್ರಿ. ಹತ್ತು ನಿಮಿಷ ಚೆನ್ನಾಗಿ ನೆನೆಸ್ರಿ. ಆಮೇಲೆ ಮೆಲ್ಲಕೆ ತೆಗೀರಿ, ತಾನೇ ಬರ್ತೈತೆ."

ನನಗೆ ರೋಮಾಂಚನ! ಸೈನ್ಸ್ ಓದಿದ ಹುಡುಗಿಗೆ ಎಂಥ ಫೇತ್!

"ರೀ, ಹತ್ತು ನಿಮಿಷ ದೇವರನ್ನು ನೆನೆಸಬೇಕಂತೆ. ಆಮೇಲೆ ತಾನೇ ಬರುತ್ತಂತೆ!" ಎಂದೆ.

"ಈಗಿನ ಟ್ರೀಟ್‌ಮೆಂಟೇ ಬ್ಯಾರೆ ಬಿಡು" ಎಂದು ಅವರು ಗಡಿಯಾರದ ಮುಂದೆ ಕೂತರು. ಬಟ್ಟಲಿನ ನೀರು ನಾನು ಪ್ರಜ್ಞೆ ತಪ್ಪಿದರೆ ಕುಡಿಸಲು ಇರಬೇಕೆಂದು ಇಬ್ಬರೂ ತೀರ್ಮಾನಿಸಿದೆವು.

ಕಣ್ಣು ಮುಚ್ಚಿದೆ. ಮೊದಲು ಮನೆದೇವರನ್ನು ನೆನೆಸಿದೆ. ಎರಡನೆಯ ನಿಮಿಷಕ್ಕೆ ಮನಸ್ಸು ಕಾನ್ವೆಂಟಿನ ಕಾರಿಡಾರಿಗೆ ಓಡಿತು. ಸಿಸ್ಟರ್ ಸೊಂಟದ ಬೀಗದ ಕೈ ಗೊಂಚಲಿನ ಸದ್ದು. ಜ್ವರ ಬಂದ ದಿನ ಅವರೇ ನನ್ನ ಜಡೆ ಹೆಣೆದದ್ದು. ಬಿಟ್ಟು ಬರುವ ದಿನ ಗೇಟಿನ ತನಕ ಬಂದು, "ಡೋಂಟ್ ಫರ್ಗೆಟ್ ಅಸ್, ಸರೋಜಾ" ಎಂದದ್ದು. ನಾನು ಒಂದು ಕಾಗದವನ್ನೂ ಬರೆಯಲಿಲ್ಲ. ಕಣ್ಣಲ್ಲಿ ನೀರು ಬಂತು.

"ಟೈಮ್ ಆಯ್ತು!" ಎಂದರು ಯಜಮಾನರು. ಹತ್ತಿ ಹಿಡಿದು ಎಳೆದೆ.

ಆಗ ನಾನು ಹೊರಡಿಸಿದ ಸದ್ದಿಗೆ ಪಕ್ಕದ ಮನೆಯ ಗೌರಮ್ಮ ಒದ್ದೆ ಕೈಯಲ್ಲೇ ಓಡಿಬಂದರು. ಹತ್ತಿ ಅಲ್ಲಾಡಿರಲಿಲ್ಲ. ಗಾಬರಿಯಲ್ಲಿ ಬಟ್ಟಲಿನ ನೀರನ್ನು ಯಜಮಾನರೇ ಕುಡಿದುಬಿಟ್ಟಿದ್ದರು!

ಮತ್ತೆ ಶಾಂತಾಗೆ ಫೋನ್.

"ನೆನೆಸಿದ್ರಾ?"

"ನೆನೆಸಿದೆ ಕಣಮ್ಮ. ಅಳುವಷ್ಟು ನೆನೆಸಿದೆ!"

"ಆದ್ರೂ ಬಿಡ್ಲಿಲ್ವಾ? ಹಂಗಾಗಾಕಿಲ್ಲವಲ್ಲ! ಇನ್ನೂ ಹತ್ತು ನಿಮಿಷ ನೆನೆಸ್ರಿ, ನಾನೇ ಬಂದೆ."

ನನ್ನ ಭಕ್ತಿ ಸಾಲದಾಯಿತೆಂದು ಖಾತ್ರಿಯಾಯಿತು. "ನೀವೂ ಸೇರ್ಕೊಳ್ಳಿ ಗೌರಮ್ಮ" ಎಂದೆ. ಮೂವರೂ ಸೋಫಾದ ಮೇಲೆ ಸಾಲಾಗಿ ಕಣ್ಣು ಮುಚ್ಚಿ ಕೂತೆವು. ಸಿಸ್ಟರ್ ಮತ್ತೆ ಬಂದರು, ಬೀಗದ ಕೈ ಸದ್ದು ಮಾಡುತ್ತ.

ಶಾಂತಾ ಸ್ಕೂಟಿ ನಿಲ್ಲಿಸಿ ಒಳಗೆ ಬಂದು, ಸೋಫಾ ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ನನ್ನ ಮೊಣಕೈ ಮುಟ್ಟಿದಳು.

"ಒಣಗಿ ಕೊರಡಾಗೈತಲ್ರೀ! ಯಾತ್ರಾಗೆ ನೆನೆಸಿದ್ರಿ?"

"ಮನಸ್ಸಿನಲ್ಲಿ!" ಎಂದೆ.

ಗೌರಮ್ಮ ಮೊದಲು ಕಣ್ಣು ಬಿಟ್ಟರು. "ಅಯ್ಯೋ ನಮ್ಮವ್ವ! ನಾನು ಉದ್ದಿನಬ್ಯಾಳೆ ನೆನೆಸಿ ಬಂದೀನಲ್ಲ, ಆ ನೆನೆಸಾದು ಕಣ್ರೀ! ಇಂಗ್ಲಿಷ್ ಓದಿದಾರು ಅಂತ ನಂಬಿ ನಾನೂ ಕಣ್ಣು ಮುಚ್ಚಿದ್ನಲ್ಲ!"

ಕಾನ್ವೆಂಟಿನಲ್ಲಿ ಇಂಗ್ಲಿಷಿಗೆ ನಾನೇ ಫಸ್ಟ್. ಕನ್ನಡ ಪೇಪರಿನಲ್ಲಿ ಒಂದು ಪದಕ್ಕೆ ಎರಡು ಅರ್ಥ ಬರೆಯುವ ಪ್ರಶ್ನೆಯನ್ನು ಪ್ರತಿವರ್ಷ ಬಿಡುತ್ತಿದ್ದೆ. ಎರಡು ಮಾರ್ಕ್ಸ್ ತಾನೇ, ಹೋದರೆ ಹೋಗಲಿ ಎಂದು!

ಶಾಂತಾ ನಗುತ್ತಲೇ ಬಾಟಲಿಯಿಂದ ಸಲೈನ್ ಹನಿಸಿದಳು. ಹತ್ತಿ ಒದ್ದೆಯಾಯಿತು. ಹತ್ತು ನಿಮಿಷ ಕಾದು, ಅಂಚಿನಿಂದ ಮೆಲ್ಲಗೆ ಬಿಡಿಸುತ್ತ, ಎಲ್ಲಿ ಹಿಡಿಯಿತೋ ಅಲ್ಲಿ ಮತ್ತೆರಡು ಹನಿ. ನೋವೇ ಇಲ್ಲ! "ಇನ್ಮ್ಯಾಲೆ ಹಸಿ ಗಾಯದ ಮ್ಯಾಲೆ ಹತ್ತಿ ಇಡಬ್ಯಾಡ್ರಿ" ಎಂದು ಅಂಟದಂಥ ತೆಳ್ಳನೆಯ ಡ್ರೆಸ್ಸಿಂಗ್ ಹಾಕಿದಳು. ಬ್ಲೌಸಿನ ತೋಳು ಸರ‍್ರನೆ ಏರಿತು. ಓಡಿದೆವು. ಬಸ್ಸು ಸಿಕ್ಕಿತು!

ಗಡಿಬಿಡಿಯಲ್ಲಿ, ಹುಡುಕಿ ತೆಗೆದಿಟ್ಟಿದ್ದ ಸರ್ಟಿಫಿಕೇಟ್ ಟ್ರಂಕಿನ ಮೇಲೆಯೇ ಉಳಿಯಿತು. ಪುಣ್ಯ.

ಸಿಸ್ಟರ್ ವೀಲ್‌ಚೇರಿನಲ್ಲಿದ್ದರು. ಕಣ್ಣು ಮಂಜು. ನನ್ನ ಕೈ ಹಿಡಿದು, ಬೆರಳಲ್ಲಿ ಡ್ರೆಸ್ಸಿಂಗ್ ಸವರಿ, "ನೀಟ್ ವರ್ಕ್! ನಾನು ಕಲಿಸಿದ್ದು ಮರೆತಿಲ್ಲ ನೀನು" ಎಂದರು. ನನ್ನ ಹಿಂದೆ ಯಜಮಾನರು ಕೆಮ್ಮಿದರು.

"ಮತ್ತೆ ನನ್ನನ್ನು? ನೆನೆಸ್ತೀಯಾ, ಸರೋಜಾ?"

"ಇವತ್ತು ಬೆಳಿಗ್ಗೆ ಪೂರ್ತಿ ಇಪ್ಪತ್ತು ನಿಮಿಷ, ಸಿಸ್ಟರ್. ಗಡಿಯಾರ ಇಟ್ಟುಕೊಂಡು!"

ಸಿಸ್ಟರ್ ನಕ್ಕರು. ನಗುತ್ತ ನಗುತ್ತ ಅವರ ಕಣ್ಣು ತುಂಬಿ ಕೆನ್ನೆಯೆಲ್ಲ ಒದ್ದೆಯಾಯಿತು. ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿ, "ಹಾಂ, ಈಗ ಸರಿಯಾಗಿ ನೆನೆಸಿದೆ ನೋಡು" ಎಂದರು.

ನಾನು ಬಿಟ್ಟ ಆ ಎರಡು ಮಾರ್ಕ್ಸ್ ಕೊನೆಗೂ ಸಾಸ್ವೆಹಳ್ಳಿಯ ಕನ್ನಡ ಶಾಲೆಯ ಪಾಲಾದವು!